ನೋವಿಲ್ಲ ಎನ್ನುವವರ ಬೆನ್ನು

ಜಪಾನಿನ ಸೆಂಡಾಯ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ನಂಜುಂಡಸ್ವಾಮಿಯವರ ಕೈಯಲ್ಲಿ ಬೆನ್ನಿನ ಆಪರೇಷನ್ ಮಾಡಿಸಿಕೊಂಡವರು ಯಾರೂ ದೂರು ಹೇಳುತ್ತಿರಲಿಲ್ಲ. ಅದೇ ಡಾಕ್ಟರ ಸಂಕಟ.

ಎರಡು ವರ್ಷದ ಸಂಶೋಧನೆಗೆಂದು ಮೈಸೂರಿನಿಂದ ಬಂದವರು, ಜಪಾನಿ ಕಲಿತು, ಅಲ್ಲಿನ ವೈದ್ಯ ಪರೀಕ್ಷೆ ಪಾಸು ಮಾಡಿ ಹದಿನೇಳು ವರ್ಷ ನಿಂತುಬಿಟ್ಟಿದ್ದರು. ಚಿಕ್ಕದಾಗಿ ಕೊಯ್ದು ಬೆನ್ನುಮೂಳೆಯಲ್ಲಿ ಸಿಕ್ಕಿಕೊಂಡ ನರ ಬಿಡಿಸುವ ವಿಧಾನವೊಂದನ್ನು ರೂಪಿಸಿದ್ದರು. ಅದರಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂದು ತಿಳಿಯಲು ಮೂರು ವರ್ಷದಿಂದ ರೋಗಿಗಳ ಕೈಲಿ ಫಾರಂ ತುಂಬಿಸುತ್ತಿದ್ದರು. ನೂರಕ್ಕೆ ತೊಂಬತ್ತೆಂಟು ಮಂದಿ "ನೋವಿಲ್ಲ" ಎಂದು ಗುರುತು ಹಾಕಿದ್ದರು.

"ಇದನ್ನ ಯಾರು ನಂಬ್ತಾರೆ? ನಿಮ್ಮ ಮೇಲಿನ ಮರ್ಯಾದೆಗೆ ಬರೆದಿದ್ದಾರೆ," ಎಂದರು ಹಿರಿಯ ಪ್ರೊಫೆಸರ್ ಕುರೋದಾ. "ವರ್ಷದೊಳಗೆ ನಿಜವಾದ ಉತ್ತರ ತನ್ನಿ. ಇಲ್ಲದಿದ್ದರೆ ಅಧ್ಯಯನ ನಿಲ್ಲಿಸೋಣ."

ಅದೇ ವಾರ ಅತ್ತೆ ಚಾಮುಂಡೇಶ್ವರಿ ಮೈಸೂರಿನಿಂದ ಬಂದರು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ನಿಂತಲ್ಲೇ ಕೈ ಮುಗಿದರು. ಹೋದ ಸಲ ನೆಲಕ್ಕೆ ಹಣೆ ಮುಟ್ಟಿಸದೆ ಏಳುತ್ತಿರಲಿಲ್ಲವಲ್ಲ ಎಂದು ಡಾಕ್ಟರಿಗೆ ನೆನಪಾಯಿತು.

"ಅತ್ತೆ, ಸೊಂಟ ನೋವಾ?"

"ಇಲ್ಲ ಅಳಿಯಂದ್ರೇ, ದೇವರ ದಯೆ, ಚೆನ್ನಾಗಿದೀನಿ."

"ಬಗ್ಗಿ ನಮಸ್ಕಾರ ಮಾಡೋದು ಯಾವಾಗ ಬಿಟ್ರಿ?"

"ಯುಗಾದಿ ಆದ್ಮೇಲೆ," ಎಂದುಬಿಟ್ಟು ಅತ್ತೆ ನಾಲಿಗೆ ಕಚ್ಚಿಕೊಂಡರು.

ಅಡುಗೆಮನೆಯಿಂದ ಹೆಂಡತಿ ಜಲಜಾ ನಕ್ಕರು. "ಅಳಿಯನ ಹತ್ರ ಯಾವ ಅತ್ತೆ ನೋವು ಹೇಳ್ಕೋತಾಳೆ ರೀ? ನಿಮ್ಮ ಪೇಷೆಂಟ್‌ಗಳೂ ಅಷ್ಟೇ."

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. ಆಸ್ಪತ್ರೆಯ ಅನುಮತಿ ಪಡೆದು ಅದೇ ರೋಗಿಗಳಿಗೆ ಹೊಸ ಫಾರಂ ಕಳಿಸಿದರು. ನೋವಿನ ಮಾತೇ ಅದರಲ್ಲಿರಲಿಲ್ಲ. "ಏನು ಮಾಡುವುದನ್ನು ಬಿಟ್ಟಿದ್ದೀರಿ?" ಎಂದಷ್ಟೇ ಇತ್ತು.

ಉತ್ತರಗಳು ಸುರಿದವು. ಕಾಲುಚೀಲ ಹಾಕಿಕೊಳ್ಳುವುದು. ಮೊಮ್ಮಗಳನ್ನು ಎತ್ತುವುದು. ಕೊಂಬಿನಿ ಎಂಬ ದಿನಬಳಕೆ ಸಾಮಾನಿನ ಅಂಗಡಿಯ ಸಸಾಕಿ-ಸಾನ್ ಬರೆದಿದ್ದರು: "ಗಿರಾಕಿಗಳಿಗೆ ಬಗ್ಗಿ ವಂದಿಸುವುದು. ಬೀದಿಯವರೆಲ್ಲ ನನಗೆ ಜಂಬ ಬಂದಿದೆ ಅಂದುಕೊಂಡಿದ್ದಾರೆ. ಆಪರೇಷನ್ ಮಾತ್ರ ಬಹಳ ಚೆನ್ನಾಗಿತ್ತು, ಸುಮಿಮಾಸೆನ್, ಕ್ಷಮಿಸಿ."

ಏನನ್ನೂ ಬಿಟ್ಟಿಲ್ಲ ಎಂದವರನ್ನಷ್ಟೇ ಎಣಿಸಿದಾಗ ತೊಂಬತ್ತೆಂಟು ಎಪ್ಪತ್ತೊಂದಕ್ಕೆ ಇಳಿಯಿತು. ಆ ಎಪ್ಪತ್ತೊಂದನ್ನು ಕಂಡು ಡಾಕ್ಟರಿಗೆ ಹಿಗ್ಗೋ ಹಿಗ್ಗು. ಅಷ್ಟು ಜನ ನಿಜಕ್ಕೂ ಗುಣವಾಗಿದ್ದರು. "ಈಗ ಇದನ್ನು ಅಧ್ಯಯನ ಅನ್ನಬಹುದು," ಎಂದು ಕುರೋದಾ ಸಹಿ ಹಾಕಿದರು. ಉಳಿದವರನ್ನು ಡಾಕ್ಟರು ಮತ್ತೆ ಕರೆಸಿ ವ್ಯಾಯಾಮ ಕಲಿಸಿದರು. ಅತ್ತೆಯನ್ನೂ ಬಿಡಲಿಲ್ಲ.

ಮೂರು ತಿಂಗಳ ಬಳಿಕ ಸಸಾಕಿ-ಸಾನ್ ಬಾಗಿಲಲ್ಲೇ ಸೊಂಟ ಬಗ್ಗಿಸಿ ವಂದಿಸಿದರು. ಡಾಕ್ಟರೂ ಬಗ್ಗಿದರು. ಅವರು ಮತ್ತೆ ಬಗ್ಗಿದರು. ಕೊನೆಗೆ ನರ್ಸ್ ಬಂದು ಬಿಡಿಸಬೇಕಾಯಿತು.

ಮನೆಯಲ್ಲಿ ಅತ್ತೆ ದೇವರ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ಎದ್ದರು.

"ಹೇಗಿದೆ ಅತ್ತೆ?"

"ಏಳುವಾಗ ಇನ್ನೂ ನೋಯುತ್ತೆ ಅಳಿಯಂದ್ರೇ."

ಡಾಕ್ಟರ ಮುಖ ಅರಳಿತು. "ನೋವು ಅಂದ್ರೆ ಇಷ್ಟು ಖುಷಿ ಪಡೋ ಡಾಕ್ಟರ್ ಇವರೊಬ್ಬರೇ ಅಮ್ಮ," ಎಂದರು ಜಲಜಾ.