ಅಜ್ಜಿಯ ಲಾಳಿಗೆ ನವಿಲು ಕೊರೆದದ್ದು

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಗಜೇಂದ್ರಗಡದ ಅತಿ ದೊಡ್ಡ ಲೇಸರ್ ತಜ್ಞೆಯಾಗಿದ್ದೆ. ನನಗೆ ಗೊತ್ತಿದ್ದ ಲೇಸರ್ ಅಂಗಡಿ ನಮ್ಮ ಮಾಮಾನದು ಒಂದೇ. ಮಾಮಾ ಊಟಕ್ಕೆ ಹೋದಾಗ ಅದರಲ್ಲಿ ಇರುತ್ತಿದ್ದವಳು ನಾನೊಬ್ಬಳೇ. ಸ್ಪರ್ಧೆ ಕಠಿಣವಾಗಿರಲಿಲ್ಲ.

ಸ್ಟೀಲಿನ ಮೇಲೆ ಹೆಸರು, ಚಿತ್ರ ಹಾಕಲು ಲೇಸರ್ ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ. ಬರೀ ಕಾಯಿಸಿ ಬಣ್ಣ ಬದಲಿಸುವುದು ಒಂದು. ಬೆರಳಾಡಿಸಿದರೆ ಏನೂ ತಾಕುವುದಿಲ್ಲ. ಇನ್ನೊಂದು ಮೇಲ್ಪದರವನ್ನು ಚೂರೇ ಕರಗಿಸುತ್ತದೆ, ಕರಗಿದ್ದು ಸ್ವಲ್ಪ ಉಬ್ಬಿ ಆರುತ್ತದೆ. ಮೂರನೆಯದು ಕೊರೆಯುವುದು: ಲೋಹ ಹೊಗೆಯಾಗಿ ಹಾರಿಹೋಗಿ ತಗ್ಗು ಉಳಿಯುತ್ತದೆ. ಕಟ್ಟಿಗೆಗೆ ಎರಡೇ ಬಗೆ, ಮೇಲೆ ಸುಡುವುದು ಇಲ್ಲವೇ ಕೊರೆಯುವುದು. ಕಟ್ಟಿಗೆ ಕರಗುವುದಿಲ್ಲ. ಈ ವಿಷಯದಲ್ಲಿ ಅದು ನಮ್ಮಜ್ಜಿಯ ಹಾಗೆ.

ಆ ಸೋಮವಾರ ರಾಜೂರಿನಿಂದ ಒಬ್ಬಾಕೆ ಪಾತ್ರೆಗಳಿಗೆ ಹೆಸರು ಹಾಕಿಸಲು ಬಂದಿದ್ದಳು. ಮೂರೂ ಬಗೆ ತೋರಿಸಿದೆ.

“ಆಳ ಇರೂದು ಹಾಕವಾ. ಎಷ್ಟ ತಿಕ್ಕಿದ್ರೂ ಹೋಗಬಾರ್ದು. ನಮ್ಮ ನೆಗೆಣ್ಣಿಗೆ ತಿಕ್ಕೂದು ಭಾಳ ಚಲೋ ಗೊತ್ತೈತಿ.”

ಅಂದಿನಿಂದ ಆಳವೇ ಶ್ರೇಷ್ಠ ಎಂದು ನಾನು ತೀರ್ಮಾನಿಸಿದೆ. ಮಾರನೆಯ ದಿನವೇ ಅಜ್ಜಿಯ ಲಾಳಿ ಕೈಗೆ ಸಿಕ್ಕಿತು.

ಅಜ್ಜಿ ಆಗ ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ನೇಯುತ್ತಿದ್ದಳು. ಅಕ್ಕನನ್ನು ನರಗುಂದಕ್ಕೆ ಕೊಟ್ಟಿದೆ. ಕುಬಸ ಶುಕ್ರವಾರ, ಮಗ್ಗದ ಮೇಲೆ ಇನ್ನೂ ಸೆರಗು ಬಾಕಿ. ಅಡ್ಡ ನೂಲು ಒಯ್ಯುವ ಆ ಕಟ್ಟಿಗೆಯ ಲಾಳಿ ನಮ್ಮವ್ವನಿಗಿಂತ ಹಳೆಯದು. ಅಜ್ಜಿ ಉಂಡು ಮಲಗಿದಾಗ ಅದನ್ನು ಅಂಗಡಿಗೆ ಒಯ್ದು, ಅದರ ಸಪಾಟು ಹೊಟ್ಟೆಗೆ ಇಪ್ಪತ್ತೊಂದು ಗರಿಯ ನವಿಲು ಕೊರೆದು, ತಂದು ಮಗ್ಗದ ಮೇಲಿಟ್ಟೆ. ಎದ್ದಾಗ ಅಜ್ಜಿಗೆ ಆನಂದಬಾಷ್ಪ ಬರಬೇಕು ಎಂಬುದು ನನ್ನ ಯೋಜನೆ.

ಅಜ್ಜಿ ಎದ್ದಳು, ಮಗ್ಗದಲ್ಲಿ ಕೂತಳು, ನೋಡದೆಯೇ ಲಾಳಿ ಬಿಟ್ಟಳು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಜಾರಬೇಕಾದ ಹೊಟ್ಟೆಯ ತುಂಬ ಈಗ ನವಿಲಿತ್ತು. ಒಂದೇ ಓಟಕ್ಕೆ ಹದಿನಾಲ್ಕು ಎಳೆ ಹರಿದವು.

ಅಜ್ಜಿ ಬೈಯಲಿಲ್ಲ. ಲಾಳಿ ತಿರುಗಿಸಿ ಅದರ ಮೇಲೆ ಒಂದು ನೂಲು ಎಳೆದಳು. ನವಿಲಿನ ಕುತ್ತಿಗೆಯ ಹತ್ತಿರ ಅದು ಸಿಕ್ಕಿಕೊಂಡಿತು.

“ನಿಮ್ಮ ಮಶೀನ್ಯಾಗ ಎಳಿ ಹಿಡೀಲಾರ್ದಂಗ ಬರ್ಯಾಕ ಬರೂದಿಲ್ಲೇನ?”

“ಬರತೈತಿ. ಮ್ಯಾಲ ಮ್ಯಾಲ ಸುಟ್ರ ಆತು.”

“ಮತ್ತ?”

“ಅದು ಎದ್ದ ಕಾಣೂದಿಲ್ಲಜ್ಜಿ. ಇದಕ್ಕ ಇಪ್ಪತ್ತೊಂದ ಗರಿ ಅದಾವು.”

“ಲಾಳಿ ಹೊಟ್ಟಿ ಯಾರ ನೋಡ್ತಾರ?”

ಗೋಡೆಗೆ ನೇತುಹಾಕಿದ್ದ ಹೊಸ ಲಾಳಿ ತಂದುಕೊಟ್ಟೆ. ಅಜ್ಜಿ ನಾಲ್ಕು ಸಲ ಓಡಿಸಿ ವಾಪಸು ಕೊಟ್ಟಳು. “ಇದು ಮಂದಿ ಎತ್ತಿನಂಗ, ನನ್ನ ಮಾತ ಕೇಳೂದಿಲ್ಲ. ಇದರ ಮ್ಯಾಲ ಶುಕ್ರವಾರದೊಳಗ ಸೀರಿ ಮುಗ್ಯೂದಿಲ್ಲ.”

ಮಾಮಾನ ಬಳಿ ಓಡಿದೆ. ಹೊಗೆಯಾಗಿ ಹೋದದ್ದನ್ನು ಮತ್ತೆ ಕಟ್ಟಿಗೆಯಾಗಿಸುವ ಬಟನ್ ಯಾವ ಮಶೀನಿಗೂ ಇಲ್ಲ ಎಂದ. ಹೊಟ್ಟೆ ಪೂರ್ತಿ ತಿಕ್ಕಿ ಇಳಿಸಿದರೆ ಲಾಳಿ ಹಗುರಾಗಿ ವಾಲುತ್ತದೆ ಎಂದೂ ಅಂದ.

ಮನೆಗೆ ಬಂದರೆ ಅಜ್ಜಿ ಒಗ್ಗರಣೆ ಸೌಟಿನಲ್ಲಿ ಮೇಣ ಕಾಯಿಸುತ್ತಿದ್ದಳು. ನವಿಲಿನೊಳಗೆ ಸುರಿದು, ಆರಿಸಿ, ಕೆರೆದು, ತನ್ನ ಸೆರಗಿನಿಂದ ತಿಕ್ಕಿದಳು. ನೂಲು ಈಗ ಸಲೀಸಾಗಿ ಜಾರಿತು. ಕರಿ ಗೆರೆಗಳಲ್ಲಿ ಹಳದಿ ಮೇಣ ಕೂತು ನವಿಲು ಮೊದಲಿಗಿಂತ ಎದ್ದು ಕಂಡಿತು.

ಹರಿದ ಎಳೆಗಳನ್ನು ನಾನೇ ಜೋಡಿಸಬೇಕೆಂದು ತೀರ್ಪಾಯಿತು. ಅಜ್ಜಿ ಹಾಕುವ ಗಂಟು ಕಣ್ಣಿಗೆ ಬೀಳುವುದಿಲ್ಲ. ನನ್ನವು ಜೋಳದ ಕಾಳಿನಷ್ಟಿದ್ದವು. ಅಜ್ಜಿ ಗುರುವಾರ ಸಂಜೆ ಮಗ್ಗದಿಂದ ಸೀರೆ ಇಳಿಸಿದಳು.

ಶುಕ್ರವಾರ ನರಗುಂದದಲ್ಲಿ ಅಕ್ಕ ಅದನ್ನು ಉಟ್ಟು ಕೂತಳು. ಉಡಿ ತುಂಬುವಾಗ ಅವಳ ಬೆರಳು ಸೆರಗಿನ ಮೇಲೆ ನಿಂತಿತು.

“ಅಜ್ಜಿ, ಇಲ್ಲೇನಿದು ಕೈಗೆ ಹತ್ತತೈತಿ?”

“ನಿನ್ನ ತಂಗೀನ ಕೇಳು. ಆಕಿ ಭಾಳ ತಿಳಿದಾಕಿ.”

ಮುತ್ತೈದೆಯರೆಲ್ಲ ನನ್ನ ಕಡೆ ತಿರುಗಿದರು.

“ಇದು ಲೇಸರಿನ ಹೊಸಾ ಬಗಿ ಅಕ್ಕಾ. ಕಟ್ಟಿಗಿ ಮ್ಯಾಲ ಕೊರದ್ರ ಸೀರಿ ಮ್ಯಾಲ ಮೂಡತೈತಿ.”

ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಒಬ್ಬಾಕೆ ತನ್ನ ಸೊಸೆಗೂ ಅಂಥದೇ ಬೇಕೆಂದಳು. ಅಜ್ಜಿ ನಗಲಿಲ್ಲ.

ವಾಪಸು ಬರುವಾಗ ಬಸ್ಸು ರೋಣ ದಾಟಿದ ಮೇಲೆ ಅಜ್ಜಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

“ಇಪ್ಪತ್ತೊಂದ ಗರಿ ಅಂದಿದ್ದಿ. ನಾ ಎಣಿಸೀನಿ. ಇಪ್ಪತ್ತ ಅದಾವು.”