ಎಷ್ಟು ವರ್ಷ ಬಿಟ್ಟುಕೊಡುತ್ತೀರಿ?

ಈ ಪ್ರಸಂಗವನ್ನು ಹೇಳುವಾಗೆಲ್ಲ ನಾನು ಒಂದು ಮಳೆ ಸೇರಿಸುತ್ತಿದ್ದೆ. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ, ಜಿಟಿಜಿಟಿ ಮಳೆ, ಬಗಲಲ್ಲಿ ಕಾಗದಗಳು, ಹೀಗೆ. ಮಳೆ ಇರಲಿಲ್ಲ. ಬಿಸಿಲಿತ್ತು. ಪ್ರಶ್ನೆಗಳು ಟ್ಯಾಬ್‌ನಲ್ಲಿದ್ದವು, ಅದರ ಚಾರ್ಜು ಮುಗಿದೀತೆಂಬ ಭಯ ಬಿಟ್ಟರೆ ನನ್ನೊಳಗೆ ಬೇರೆ ಯಾವ ಭಾವವೂ ಇರಲಿಲ್ಲ. ನೆನಪಿಗೆ ಅಲಂಕಾರದ ಚಟ. ಅದನ್ನು ಒರೆಸಿ ಒರೆಸಿ ಬರೆಯುತ್ತಿದ್ದೇನೆ. ಎಲ್ಲೋ ಉಳಿದಿದ್ದರೆ ಓದುವವರು ಒರೆಸಿಕೊಳ್ಳಬೇಕು.

ಆಗ ನಾನು ಮರಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ತುಮಕೂರಿನಲ್ಲಿ ಆರೋಗ್ಯ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಓದುತ್ತಿದ್ದೆ. ಎಲ್ಲರಿಗೂ ಎಲ್ಲ ಚಿಕಿತ್ಸೆಯನ್ನೂ ಕೊಡಲು ಯಾವ ಸರಕಾರಕ್ಕೂ ಆಗುವುದಿಲ್ಲ, ಹಾಗಾಗಿ ಯಾವುದಕ್ಕೆ ಮೊದಲು ಕೊಡಬೇಕು, ಯಾವುದು ಕಾಯಬಹುದು ಎಂದು ಲೆಕ್ಕ ಹಾಕುವ ವಿದ್ಯೆ ಅದು. ಮೊದಲ ಸೆಮಿಸ್ಟರಿನಲ್ಲಿ ಅದನ್ನು ನ್ಯಾಯದ ವಿದ್ಯೆ ಎಂದು ನಂಬಿದ್ದೆ. ಪೂರ್ತಿ ಸುಳ್ಳು ಎಂದು ಈಗಲೂ ಹೇಳಲಾರೆ. ಅಸಹ್ಯ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಎದ್ದು ಬರಬಹುದಿತ್ತು.

ನನ್ನ ಪ್ರಬಂಧದ ವಿಷಯ ವಯಸ್ಸಾದ ಹೆಂಗಸರ ಮಂಡಿ ನೋವು. ನೋವು ಎಷ್ಟು ಕೆಟ್ಟದು ಎಂದು ಅಳೆಯಲು ನಮ್ಮಲ್ಲಿ ಒಂದು ಪ್ರಶ್ನೆ ಇದೆ. 'ಈ ಮಂಡಿ ನೋವಿನಲ್ಲೇ ಹತ್ತು ವರ್ಷ ಬದುಕುತ್ತೀರಿ ಅಂದುಕೊಳ್ಳಿ. ನೋವು ಪೂರ್ತಿ ಹೋಗುವುದಾದರೆ ಆ ಹತ್ತರಲ್ಲಿ ಎಷ್ಟು ವರ್ಷ ಬಿಟ್ಟುಕೊಡುತ್ತೀರಿ?' ಜಾಸ್ತಿ ಬಿಟ್ಟುಕೊಟ್ಟವರಿಗೆ ನೋವು ಜಾಸ್ತಿ. ಏನೂ ಬಿಟ್ಟುಕೊಡದವರಿಗೆ ಅಂಕ ಒಂದು, ಅಂದರೆ ಪೂರ್ಣ ಆರೋಗ್ಯವಂತರು. ಪಾಠದ ಕೋಣೆಯಲ್ಲಿ ಪ್ರೊಜೆಕ್ಟರಿನ ನೀಲಿ ಬೆಳಕಿನಲ್ಲಿ ಇದು ಎಷ್ಟು ಚೆಂದ ಕಂಡಿತ್ತೆಂದರೆ ನಾವು ತಲೆದೂಗಿದ್ದೆವು.

ಗುಬ್ಬಿಯಲ್ಲಿ ಮೊದಲ ಮನೆಯ ಅಜ್ಜಿ, ಹಣೆ ತುಂಬ ವಿಭೂತಿ, ಗೋಡೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಮಜ್ಜಿಗೆ ಕೊಡಿಸಿದರು. ನಾನು ಪ್ರಶ್ನೆ ಓದಿದೆ.

"ಏನಂದೆ? ನನ್ ಆಯಸ್ಸಲ್ಲಿ ಕಮ್ಮಿ ಮಾಡ್ಕೊಂತೀಯಾ?"

"ನಾನಲ್ಲ ಅಜ್ಜಿ. ಸುಮ್ನೆ ಅಂದುಕೊಳ್ಳಿ ಅಂತ."

"ಅಂದ್ಕೊಳ್ಳೋದ್ಯಾಕೆ ಇಂಥದ್ದ? ಒಳ್ಳೇ ಹೊತ್ನಲ್ಲಿ ಬಂದು ಎಂಥ ಮಾತಾಡ್ತೀಯೇ. ಬುಡ್ತು ಅನ್ನು. ಅನ್ನು ಮೊದ್ಲು!"

"ಬಿಡ್ತು," ಎಂದೆ.

ಮುಂದಿನ ಮನೆಯಲ್ಲೂ ಅದೇ. ಅದರಾಚೆಯ ಮನೆಯಲ್ಲಿ ಮಗಳು ಒಳಗಿನಿಂದಲೇ ಕೂಗಿದಳು, "ಅಮ್ಮ, ಇನ್ಸೂರೆನ್ಸ್‌ನೋರು ಕಣಮ್ಮ, ಹೆಬ್ಬೆಟ್ ಒತ್ಬೇಡ!" ಆಯಸ್ಸಿನ ಮಾತನ್ನು ಹಾಗೆ ಬಾಯಿಬಿಟ್ಟು ಆಡುವುದೇ ಅಪಶಕುನ ಎಂದು ಬಲ್ಲ ಮನೆಯಲ್ಲಿ ಹುಟ್ಟಿದವಳೇ ನಾನು. ಟ್ಯಾಬ್ ಕೈಗೆ ಬಂದದ್ದೇ ಅದು ಮರೆತುಹೋಗಿತ್ತು. ಇಡೀ ಬೀದಿಯಲ್ಲಿ ಒಬ್ಬರೂ ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ.

ನನ್ನ ಗೈಡ್ ಮೇಡಂ ಪರದೆ ನೋಡಿ ಬಿಸ್ಕತ್ತು ಮುರಿದರು. "ಎಲ್ಲಾರ್ದೂ ಒಂದು. ಫುಲ್ ಹೆಲ್ತ್. ಗುಬ್ಬೀಲಿ ಯಾರಿಗೂ ಮಂಡಿನೇ ನೋಯಲ್ಲ ಅನ್ನು."

"ಮೇಡಂ, ಅವ್ರಿಗೆ ಎದ್ದು ನಿಲ್ಲಕ್ಕಾಗಲ್ಲ."

"ಅದು ನೀನ್ ಕಂಡಿದ್ದು. ಅವ್ರು ಹೇಳಿದ್ದನ್ನ ಬರಿ. ನಿಂಗೆ ಡಿಗ್ರಿ ಬೇಕೋ, ಅವರ ಮಂಡಿ ಬೇಕೋ? ಕೇಳೋದನ್ನ ಸ್ವಲ್ಪ ಪ್ರಾಕ್ಟೀಸ್ ಮಾಡು, ಮನೇಲಿ ಯಾರೂ ಇಲ್ವಾ ವಯಸ್ಸಾದೋರು?"

ಇದ್ದರು. ಕುಣಿಗಲ್‌ನಲ್ಲಿ ನನ್ನ ದೊಡ್ಡಮ್ಮ. ಎರಡೂ ಮಂಡಿ ಸವೆದಿದ್ದವು. ಬಚ್ಚಲಿಗೆ ಎದ್ದು ಹೋಗುವುದೇ ಕಷ್ಟವೆಂದು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದರು. ತುಟಿ ಯಾವಾಗಲೂ ಒಡೆದಿರುತ್ತಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಮಂಡಿ ಬದಲಿಸುವ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ದೊಡ್ಡಮ್ಮ ಅದಕ್ಕಾಗಿ ಎರಡು ನೈಟಿ ಹೊಲಿಸಿಕೊಂಡು, ನಾಚಿಕೊಂಡು ಬೀರುವಿನಲ್ಲಿ ಬಚ್ಚಿಟ್ಟಿದ್ದರು.

ಪೇಂಟ್ ಅಂಗಡಿ ಇಟ್ಟಿದ್ದ ಅವರ ಮಗ, ನನ್ನ ಅಣ್ಣ, ಪಕ್ಕದಲ್ಲೇ ಸೋಫಾದ ಮೇಲೆ ಮೊಬೈಲ್ ನೋಡುತ್ತ ಮಲಗಿದ್ದ. ನಾನು ಪ್ರಶ್ನೆ ಕೇಳಿದೆ. ದೊಡ್ಡಮ್ಮ ಗುಬ್ಬಿಯವರ ಹಾಗೆ ರೇಗಲಿಲ್ಲ, ನಕ್ಕರು. "ಶಿವ ಕೊಟ್ಟಿದ್ದನ್ನ ನಾನ್ಯಾಕೇ ಬಿಡ್ಲಿ? ಒಂದಿನಾನೂ ಬಿಡಲ್ಲ. ಬರ್ಕೋ."

"ಹಂಗಂದ್ರೆ ಏನರ್ಥ?" ಎಂದ ಅಣ್ಣ, ಮೊಬೈಲಿನಿಂದ ಕಣ್ಣೆತ್ತದೆ. ನಾನು ವಿವರಿಸಿದೆ. ಎಷ್ಟು ವಿವರವಾಗಿ ಎಂದು ನೆನಪಿಲ್ಲ. ಒಂದು ಸಲ ನೆನೆದಾಗ ನಗುತ್ತ ಒಂದೇ ಮಾತಿನಲ್ಲಿ ಹೇಳಿದ ಹಾಗೆ, ಇನ್ನೊಂದು ಸಲ ಮೇಷ್ಟರ ಹಾಗೆ ನಿಂತು ಪಾಠ ಮಾಡಿದ ಹಾಗೆ ಕಾಣುತ್ತದೆ. ಎರಡರಲ್ಲೂ ಅಣ್ಣನ ಹೆಬ್ಬೆರಳು ಮಾತ್ರ ಪರದೆಯ ಮೇಲೆ ನಿಂತುಬಿಡುತ್ತದೆ.

ಆಪರೇಷನ್ ರದ್ದಾದ ಸುದ್ದಿ ನನಗೆ ಅತ್ತಿಗೆಯಿಂದ ತಿಳಿಯಿತು. ಅಣ್ಣನಿಗೆ ಫೋನ್ ಮಾಡಿದೆ.

"ಅಮ್ಮಂಗೆ ಅಷ್ಟೇನು ನೋವಿಲ್ಲ ಕಣೇ. ನಿನ್ ಲೆಕ್ಕನೇ ಹೇಳ್ತಲ್ಲ, ಫುಲ್ ಹೆಲ್ತ್ ಅಂತ."

"ಅದು ಹಂಗಲ್ಲ ಅಣ್ಣ. ಆ ಪ್ರಶ್ನೆಗೆ ನಮ್ಮೋರ್ ಯಾರೂ ಉತ್ತರ ಕೊಡಲ್ಲ."

"ಓದಿದೋಳು ನೀನು, ನೀನೇ ಹಂಗಂದ್ರೆ ಹೆಂಗೆ? ಆಸ್ಪತ್ರೆ, ಆಮೇಲೆ ಫಿಸಿಯೋ ಅಂತ ತಿಂಗಳುಗಟ್ಲೆ ಓಡಾಡ್ಬೇಕು. ಅಂಗಡಿ ಯಾರಮ್ಮ ನೋಡ್ಕೊಳ್ಳೋದು, ನಿಮ್ ಮೇಡಮ್ಮಾ?"

ಮಾರನೆಯ ದಿನ ಕುಣಿಗಲ್‌ಗೆ ಹೋದೆ. ಅಣ್ಣ ಊಟಕ್ಕೆ ಬಂದಿದ್ದ. ಬಯ್ದೆ. ಅವನೂ ಬಯ್ದ. ಅವನ ತಟ್ಟೆಯಲ್ಲಿ ಮುದ್ದೆ ತಣ್ಣಗಾಗುತ್ತಿತ್ತು, ಅವನ ಬೆರಳ ಸಂದಿಯಲ್ಲಿ ಹಸಿರು ಪೇಂಟ್ ಇತ್ತು. ನಾನು ಬಯ್ದದ್ದು ಅವನು ಕೆಟ್ಟವನು ಎಂದಲ್ಲ. ಅವನು ಮಾಡುತ್ತಿದ್ದದ್ದು ಅಕ್ಷರಶಃ ನನ್ನ ಪಠ್ಯದಲ್ಲಿದ್ದದ್ದು: ಇರುವುದು ಒಂದೇ ಮನೆಯ ಶಕ್ತಿ, ಅದನ್ನು ಎಲ್ಲಿ ಹಾಕಬೇಕು, ರೋಗಿಯ ಬಾಯಲ್ಲೇ ಬಂದ ಉತ್ತರ ಏನು. ಪರೀಕ್ಷೆಯಲ್ಲಿ ಬರೆದಿದ್ದರೆ ಮೇಡಂ ಅಂಕ ಕೊಡುತ್ತಿದ್ದರು.

ಮಂಚದ ಮೇಲಿಂದ ದೊಡ್ಡಮ್ಮ ಕರೆದರು. "ಏಯ್, ಬಾರೆ ಇಲ್ಲಿ. ಅವತ್ತು ಅದೇನೋ ಕೇಳಿದ್ಯಲ್ಲ, ಇನ್ನೊಂದ್ಸಲ ಕೇಳು."

"ಬೇಡ ದೊಡ್ಡಮ್ಮ."

"ಕೇಳು ಅಂದ್ರೆ. ಅವನ ಮುಂದೆ ಕೇಳು."

ನಾನು ಕೇಳಲಿಲ್ಲ. ಅವರೇ ಹೇಳಿದರು. "ಎರಡು ವರ್ಷ ತಗೋ. ಸಾಲ್ದಾ? ನಾಲ್ಕು ತಗೋ." ಅವರು ನನ್ನನ್ನು ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿದ್ದರು. "ಏಳು ತಗೊಳ್ರೋ. ಮೂರೇ ಸಾಕು ನಂಗೆ. ಮೂರ್ ವರ್ಷ ನಾನಾಗಿ ಎದ್ದು ಬಚ್ಚಲಿಗೆ ಹೋಗಿ ಬತ್ತೀನಿ."

ಅತ್ತಿಗೆ ಅಡುಗೆ ಮನೆಯಿಂದ "ಬುಡ್ತು ಅನ್ರತ್ತೆ" ಎಂದದ್ದು ಕೇಳಿಸಿತು. ದೊಡ್ಡಮ್ಮ ಅನ್ನಲಿಲ್ಲ. ಅಣ್ಣ ತಟ್ಟೆಯಲ್ಲೇ ಕೈ ತೊಳೆದ. "ಸಾಕು ಸುಮ್ನಿರಮ್ಮ. ಮಾಡ್ಸನ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮಾಡಿಸಿದ. ಎರಡೂ ಮಂಡಿ. ಅಂಗಡಿಗೆ ಯಾರನ್ನೋ ಕೂರಿಸಿ ಆಸ್ಪತ್ರೆಯಲ್ಲಿ ಅವನೇ ಮಲಗಿದ, ಅದನ್ನೂ ಹೇಳಬೇಕು. ಮೇಡಂ ಮಾತ್ರ ದೊಡ್ಡಮ್ಮನ ಎರಡನೆಯ ಉತ್ತರ ಕೇಳಿ ಖುಷಿಪಟ್ಟರು. "ನೋಡಿದ್ಯಾ, ಸರಿಯಾಗಿ ಒತ್ತಿ ಕೇಳಿದ್ರೆ ಹೇಳ್ತಾರೆ."

ನನ್ನ ಜೊತೆ ಓದಿದವರಲ್ಲಿ ಒಬ್ಬ ಬಟವಾಡಿಯ ಖಾಸಗಿ ಆಸ್ಪತ್ರೆಯಲ್ಲಿ ಯಾವ ವಿಭಾಗ ಮುಚ್ಚಬೇಕು ಎಂದು ಸಲಹೆ ಕೊಡುತ್ತಾನೆ. ಒಬ್ಬಳು ವಿಮೆ ಕಂಪನಿಯಲ್ಲಿ ಕ್ಲೇಮುಗಳನ್ನು ತಿರಸ್ಕರಿಸುವ ಕಾರಣಗಳನ್ನು ಬರೆಯುತ್ತಾಳೆ, ಚೆನ್ನಾಗಿ ಬರೆಯುತ್ತಾಳೆ. ನಾನು ಮರಳೂರಿನಲ್ಲೇ ಕೂತು, ಔಷಧ ಕಂಪನಿಗಳ ಬೆಲೆಯನ್ನು ಸಮರ್ಥಿಸುವ ವರದಿಗಳನ್ನು ತಯಾರಿಸುತ್ತೇನೆ. ಕೆಲಸದ ಸಂದರ್ಶನದಲ್ಲಿ ಫೀಲ್ಡ್ ಅನುಭವ ಹೇಳಿ ಎಂದಾಗ ಹೇಳಿದ್ದು ದೊಡ್ಡಮ್ಮನ ಕಥೆಯನ್ನೇ. ಮಳೆ ಸೇರಿಸಿದ್ದು ಬಹುಶಃ ಅಲ್ಲೇ ಮೊದಲು. ಒಬ್ಬರು ಕಣ್ಣೊರೆಸಿಕೊಂಡರು. ಕೆಲಸ ಸಿಕ್ಕಿತು.

ಹೋದ ತಿಂಗಳು ಅಣ್ಣ ಫೋನ್ ಮಾಡಿದ. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಒಪ್ಪುತ್ತಿಲ್ಲ. "ಕೈ ಮುಗೀತೀನಿ ಕಣೇ, ನೀನ್ ಬಂದು ಹೇಳು. ಇಟ್ಟಿದ್ ಲೋಟ ಕಾಣ್ಸಲ್ಲ, ತಡಕಾಡ್ತಾಳೆ."

ಹೋದೆ. ದೊಡ್ಡಮ್ಮ ಗೇಟಿನವರೆಗೆ ನಡೆದುಕೊಂಡೇ ಬಂದರು, ಧ್ವನಿಯಿಂದ ನನ್ನನ್ನು ಗುರುತಿಸಿದರು. ಬಹಳ ಹೊತ್ತು ಹೇಳಿದೆ.

"ಮೂರ್ ವರ್ಷಕ್ಕೆ ಮಾತಾಡಿದ್ದು ನಾನು," ಎಂದರು ಅವರು. "ಅದ್ರಲ್ಲಿ ಮುಕ್ಕಾಲು ಆಗೋಯ್ತು. ಉಳಿದಿದ್ದಕ್ಕೆ ಯಾಕೇ ಹೊಸ ಕಣ್ಣು?"

"ಅದು ಬರೀ ಪ್ರಶ್ನೆ ದೊಡ್ಡಮ್ಮ. ಯಾರೂ ಏನೂ ತಗೊಂಡಿಲ್ಲ."

"ಮಂಡಿ ಬಂತಲ್ಲ?"

ಅವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡು ನಕ್ಕರು. "ಹೋಗ್ಲಿ, ನಿಮ್ ಆಫೀಸ್ನಲ್ಲಿ ಕೇಳಿ ನೋಡು, ಕೊಟ್ಟಿದ್ದು ವಾಪಸ್ ಇಸ್ಕೊಳ್ಳೋಕೆ ಏನಾದ್ರೂ ಇದ್ಯಾ ಅಂತ."

"ಇಲ್ಲ," ಎಂದೆ.

"ಗೊತ್ತಿತ್ತು," ಎಂದು ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಒಳಗೆ ಹೋದರು. ಕಣ್ಣಿನ ಆಸ್ಪತ್ರೆಯವರು ಕೊಟ್ಟಿರುವ ದಿನ ಬರುವ ಸೋಮವಾರ. ನಾನು ದಿನಾ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ, ಇಟ್ಟ ಕೂಡಲೇ ಅಣ್ಣ ನನಗೆ ಫೋನ್ ಮಾಡಿ ಕೇಳುತ್ತಾನೆ, ಒಪ್ಪಿದ್ಲಾ ಎಂದು.