ತಿಕೋಟಾದ ನೀಲಿ ಸೀರಿ

ನನ್ನ ಕಾಲಿಗೆ ಸಮಾಧಾನ ಅನ್ನೂದು ಹುಟ್ಟಿನಿಂದನ ಇಲ್ಲ. ತೊರವಿ ಸಾಲ್ಯಾಗ ಇಪ್ಪತ್ತಾರು ವರ್ಷ ಚಿತ್ರಕಲಾ ಮಾಸ್ತರಕಿ ಮಾಡೀನಿ, ಒಂದು ಪಿರಿಯಡ್ ಕುರ್ಚಿ ಮ್ಯಾಲ ಕುಂತದ್ದು ನೆನಪಿಲ್ಲ. ಊಟಕ್ಕ ಕುಂತ್ರೂ ನಡುವ ಎರಡ ಸಲ ಏಳತೀನಿ. ಇವಂಗ ನೆಲ ಸುಡತೈತಿ ಅಂತ ನಮ್ಮ ಮನಿಯಾಕಿ ಬಂದವರ ಮುಂದೆಲ್ಲಾ ಹೇಳ್ತಾಳ. ಆದರ ಮೂರು ವರ್ಷದ ಹಿಂದ ಹತ್ತಿದ ಚಡಪಡಿಕಿ ಬ್ಯಾರೇನ. ಅದು ಮೊಬೈಲ್‌ನ್ಯಾಗಿಂದ ಬಂದಿತ್ತು.

ನನಗ ಕುಂಚ ಹಿಡಿಯೂದು ಕಲಿಸಿದ ಗುರುಗಳು ತೀರಿಕೊಂಡು ಭಾಳ ವರ್ಷ ಆಗೇತಿ. ಇದ್ದಾಗ ಅವರ ಚಿತ್ರ ಒಬ್ಬರೂ ಕೊಳ್ಳಲಿಲ್ಲ. ಎರಡು ಧೋತರ, ಒಂದು ಸ್ಟೋವು, ಗ್ವಾಡಿಗೆ ಆನಿಸಿಟ್ಟ ಹಲಗಿ, ಇಷ್ಟ ಅವರ ಆಸ್ತಿ. ಅಂಥವರ ಒಂದು ಸಣ್ಣ ಚಿತ್ರ, ಕುರಿ ಕಾಯೂ ಮುದುಕಂದು, ಮುಂಬೈಯೊಳಗ ಲಿಲಾವಿಗೆ ಬಂತು. ಲಿಲಾವು, ಅಂದ್ರ ಹರಾಜು, ನಾ ಅಲ್ಲೀತನಕ ಕಂಡದ್ದು ಎಪಿಎಂಸಿಯೊಳಗ ಒಣದ್ರಾಕ್ಷಿದು. ಯಾರೋ ಲಿಂಕ್ ಕಳಿಸಿದ್ರು, ಸ್ಟಾಫ್ ರೂಮಿನ್ಯಾಗ ನಿಂತ ನೋಡಿದ್ನಿ. ಅಂಕಿ ಏರಾಕತ್ತಿತ್ತು, ನಿಂದ್ರವಲ್ದು. ಕಡೀಕ ನಿಂತಾಗ ಅದು ಅಥಣಿ ರಸ್ತೆದಾಗ ನಾ ಕಟ್ಟಿಸಿದ ಮನಿಕಿಂತ ಹೆಚ್ಚಿತ್ತು. ಅವತ್ತ ಕುಂತ್ನಿ ನೋಡ್ರಿ, ಕುರ್ಚಿ ಮ್ಯಾಲ.

ಮರುವರ್ಷ ಅದ ಚಿತ್ರ ಮತ್ತ ಲಿಲಾವಿಗೆ ಬಂದು ಎರಡರಷ್ಟಕ್ಕ ಹೋತು. ಮೊದಲ ತಗೊಂಡಾವ ಅದನ್ನ ಗ್ವಾಡಿಗೆ ಹಾಕಿರಲೇ ಇಲ್ಲಂತ. ಎಸಿ ಗೋಡೌನಿನ್ಯಾಗ ಪೆಟಗಿ ಬಿಚ್ಚಲಾರದ ಇಟ್ಟಿದ್ದ, ಉಳ್ಳಾಗಡ್ಡಿ ದರ ಏರಲಿ ಅಂತ ಇಡ್ತಾರಲ್ಲ, ಹಂಗ. ಆ ಮುದುಕನ ಮಾರಿ ಆ ಪುಣ್ಯಾತ್ಮ ಒಮ್ಮೆರೆ ನೋಡ್ಯಾನೋ ಇಲ್ಲೋ. ನನಗ ಸಿಟ್ಟೂ ಬಂತು, ಆಸೆನೂ ಹುಟ್ಟಿತು. ದಿನಕ್ಕ ಹತ್ತ ಸಲ ಮೊಬೈಲ್ ತಗಿಯೂದು, ಗುರುಗಳ ಹೆಸರು ಒತ್ತೂದು, ಎಲ್ಲೆರೆ ಹೊಸ ಚಿತ್ರ ಬಂದೈತೇನು ನೋಡೂದು. ಹುಡುಗರು ಬೋರ್ಡಿನ ಮ್ಯಾಲ ಆನಿ ಬರದು ನನ್ನ ಹೆಸರಿಟ್ರೂ ನನಗ ಖಬರ ಇರ್ತಿರಲಿಲ್ಲ.

ದರ ಏರಿತಂದ್ರ ಖೊಟ್ಟಿ ಮಾಲು ಬರೂದ. ಚಹಾದ ನೀರು ಸವರಿ ಹಳೇದು ಮಾಡಿದ ಹಾಳಿ, ಅದರ ಮ್ಯಾಲ ಗುರುಗಳ ಸಹಿ. ಮಂದಿ ನಕ್ಕೊಂತ ತಂದು ನನಗ ತೋರಸ್ತಿದ್ರು. ಅದಕ್ಕ ಲಿಲಾವು ಮಾಡೂ ಕಂಪನಿಯವರು ಅವರ ಕೈ ಗುರುತಿರೂ ಶಿಷ್ಯಂದು ಒಂದು ಪತ್ರ ಬೇಕು ಅನ್ನಾಕ ಹತ್ತಿದ್ರು. ಉಳಿದ ಶಿಷ್ಯರು ಸತ್ತಿದ್ರು, ಇಲ್ಲಾ ಬಣ್ಣ ಬಿಟ್ಟು ಬ್ಯಾರೆ ದಗದ ಹಿಡಿದಿದ್ರು. ಹಾಳೂರಿಗೆ ಉಳಿದಾವನ ಗೌಡ. ನಾ ಪ್ಯಾಟಿಗೆ ಹೋಗಿ ನನ್ನ ಹೆಸರಿನ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡ ಬಂದ್ನಿ. ನನ್ನ ಸ್ವಂತ ಚಿತ್ರದ ಸುದ್ದಿ ಕೇಳಬ್ಯಾಡ್ರಿ. ಒಂದ ಸಲ ಪ್ರದರ್ಶನ ಇಟ್ಟಿದ್ನಿ, ಒಂದ ಹೋತು, ಅದನ್ನ ತಗೊಂಡಾವ ನನ್ನ ಹೆಂಡತಿ ತಮ್ಮ.

ಇನ್ನ ತಿಕೋಟಾದ ಮನಿ ಸುದ್ದಿ. ಗುರುಗಳು ಕಡೀ ಕಾಲದಾಗ ಅಲ್ಲೆ ಒಂದು ಬಾಡಿಗಿ ಖೋಲಿಯೊಳಗ ಇದ್ರು. ಮಗ್ಗಲ ಮನ್ಯಾಗ ಒಬ್ಬ ತಾಯಿ, ಗಂಡ ಇಲ್ಲದಾಕಿ, ಕೂಲಿಗೆ ಹೋಗಾಕಿ. ದಿನಾ ಎರಡು ರೊಟ್ಟಿ, ಒಂದೀಟ ಪಲ್ಯ ಗುರುಗಳಿಗೆ ಮುಟ್ಟಸ್ತಿದ್ಳು. ರೊಕ್ಕದ ಮಾತ ತಗದ್ರ ಸಿಟ್ಟಾಗ್ತಿದ್ಳು. ಅದಕ್ಕ ಗುರುಗಳು ಆಕಿನ್ನ ಹೊಸ್ತಿಲದಾಗ ಕುಂದ್ರಿಸಿ ಚಿತ್ರ ಬರದು, ಹಿಂದ ಸಹಿ ಹಾಕಿ ಕೊಟ್ರು. ಮಾಸಿದ ಬಿಳಿ ಸೀರಿ, ಮೊಣಕಾಲ ಮ್ಯಾಲ ಎರಡು ಕೈ, ನಮ್ಮನ್ನ ಬಿಟ್ಟು ಎಲ್ಲೋ ನೋಡೂ ಕಣ್ಣು. ಆ ತಾಯಿ ಹೋದ ಮ್ಯಾಲ ಚಿತ್ರ ಮಗಳ ಹತ್ರ ಉಳೀತು. ಮಗಳು ಬಬಲೇಶ್ವರದಾಗ ಟೇಲರಿಂಗ್ ಅಂಗಡಿ ಇಟ್ಟಿದ್ಳು, ದಿನಾ ಮುಂಜಾನಿ ಬಸ್ಸಿಗೆ ಹೋಗ್ತಿದ್ಳು. ಆಕಿ ಮನಿ ಪಡಸಾಲ್ಯಾಗ ಬುದ್ಧನ ಫೋಟೋ, ಅದರ ಮಗ್ಗಲಕ ಅವ್ವನ ಚಿತ್ರ.

ನಮ್ಮ ಕಡೆ ಮನ್ಯಾಗ ಮಾಸಿದ್ದನ್ನ ಮಾಸಿದಂಗ ಬಿಡೂದಿಲ್ಲ. ಹಬ್ಬ ಬಂತಂದ್ರ ಗ್ವಾಡಿಗೆ ಸುಣ್ಣ, ಬಾಗಲಕ್ಕ ಬಣ್ಣ, ಎತ್ತಿನ ಕೋಡಿಗೂ ಬಣ್ಣ. ಕಟಗಿ ದೇವರನ್ನೂ ಕೆಳಗಿಳಿಸಿ ಕಣ್ಣು ತಿದ್ದಿ ಬಣ್ಣ ಹಚ್ಚತೀವಿ. ಹಚ್ಚಲಿಲ್ಲಂದ್ರ ಆ ಮನ್ಯಾಗ ಹೇಳವರು ಕೇಳವರು ಯಾರೂ ಇಲ್ಲ ಅಂತ ಮಂದಿ ಮಾತಾಡ್ತಾರ. ಗುರುಗಳು ತೀರಿಕೊಂಡ ವರ್ಷ, ಬುದ್ಧ ಹುಣ್ಣಿಮಿ ಮುಂದ, ಆ ಹೆಣ್ಮಗಳು ನನಗ ಫೋನ್ ಹಚ್ಚಿದ್ಳು. ಮನಿಗೆಲ್ಲಾ ಬಣ್ಣ ಹಚ್ಚೀವಿ ಸರ್ರ, ಅವ್ವ ಒಬ್ಬಾಕಿನ ಮಾಸಿ ಕುಂತಾಳ, ನೀವು ಅವರ ಶಿಷ್ಯರಲ್ಲ, ಒಂದೀಟ ಬಂದು ಹಚ್ಚಿ ಹೋಗ್ರಿ ಅಂದ್ಳು. ಹೋದ್ನಿ. ಗಲ್ಲಕ್ಕೊಂದೀಟ, ಹೊಸ್ತಿಲಕ್ಕೊಂದೀಟ ಹಚ್ಚಿದ್ನಿ. ಆಮ್ಯಾಲ ಆಕಿ ಅವ್ವನ ಬಿಳಿ ಸೀರಿ ನೋಡಾಕ ಆಗವಲ್ದು ಅಂದ್ಳು. ನೀಲಿ ಮಾಡ್ರಿ, ನೀಲಿ ನಮ್ಮ ಬಣ್ಣ ಅಂದ್ಳು.

ಮಾಡಿದ್ನಿ. ಆ ವರ್ಷ ಅಷ್ಟ ಅಲ್ಲ, ಪ್ರತಿ ವರ್ಷ. ಒಂದ ವರ್ಷ ನೆರಿಗಿ ತಿದ್ದಿದ್ನಿ, ಒಂದ ವರ್ಷ ಅಂಚು ಇಟ್ನಿ, ಒಂದ ವರ್ಷ ಆ ನೀಲಿಯೊಳಗ ಸಂಜಿ ಬೆಳಕು ಬಿದ್ದಂಗ ಮಾಡಿ ಮನಿಗೆ ಬಂದು ಖುಷಿಗೆ ಉಣ್ಣಲಾರದ ಅಡ್ಡಾಡಿದ್ನಿ. ಒಬ್ಬರ ಚಿತ್ರದ ಮ್ಯಾಲ ಇನ್ನೊಬ್ಬರು ಕುಂಚ ಇಡಬಾರದು ಅನ್ನೂದು ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆದರ ನನ್ನ ಕುಂಚದ ದಾರಿ ಕಾಯೂ ಮನಿ ಈ ಜಗತ್ತಿನ್ಯಾಗ ಅದೊಂದ ಇತ್ತು. ಹೋದ್ರ ಹೋಳಿಗಿ ಮಾಡಿ ಉಣಿಸಿ ಕಳಸ್ತಿದ್ರು.

ಹೋದ ಶ್ರಾವಣದಾಗ ಆ ಹೆಣ್ಮಗಳು ನಮ್ಮ ಮನಿಗೆ ಬಂದ್ಳು. ಆಕಿ ಅಂಗಡಿ ಮಾಲಕ ಅಂಗಡಿ ಮಾರಾಕ ತಗದಿದ್ದ. ಹದಿನಾಲ್ಕು ವರ್ಷ ಇದ್ದೀಯವಾ, ಮೊದಲ ನಿನಗ ಕೇಳತೀನಿ, ದೀಪಾವಳಿ ತನಕ ಕಾಯತೀನಿ ಅಂದಿದ್ನಂತ. ಬಬಲೇಶ್ವರದ ಸಂತಿ ದಿನ ಸುತ್ತಲ ಹಳ್ಳಿ ಹೆಣ್ಮಕ್ಕಳು ಜಂಪರ ಕುಪ್ಪಸ ಹೊಲಿಸಾಕ ಹುಡುಕ್ಕೊಂಡ ಬರೂದು ಆ ಅಂಗಡಿಗೆ, ಆ ಜಾಗಾಕ್ಕ. ಬಿಟ್ಟು ಮನ್ಯಾಗ ಮಷಿನ್ ಇಟ್ಟುಕೊಂಡ್ರ ಓಣಿಯವರ ಹರಕು ಅರಬಿ ಹೊಲಕೋಂತ ಕುಂದ್ರಬೇಕು. ಗುರುಗಳ ಚಿತ್ರಕ್ಕ ದರ ಬಂದೈತಿ ಅನ್ನೂ ಸುದ್ದಿ ಆಕಿಗೂ ಮುಟ್ಟಿತ್ತು. ಅವ್ವನ್ನ ಮಾರೂದು ಸರಿನೋ ತಪ್ಪೋ ಅಂತ ನಾಕ ದಿನ ನಿದ್ದಿ ಮಾಡಿಲ್ಲ ಅಂದ್ಳು. ಅವ್ವ ಇದ್ರ ಮಾರವಾ ಅಂತಿದ್ಳು, ಆಕಿ ಹಂಗ ಇದ್ಳು, ಅಂತ ತಾನ ಅಂದ್ಳು.

 ನಾ ವರ್ಷಾ ವರ್ಷಾ ಹಚ್ಚಿದ ಬಣ್ಣದ ಸುದ್ದಿ ಆಕಿಗೆ ನೆನಪ ಮಾಡಿದ್ನಿ. ಸೀರಿ ಪೂರಾ ನಂದು, ಗಲ್ಲದಾಗೂ ನನ್ನ ಕೈ ಐತಿ, ಇದು ಗೊತ್ತಾದ್ರ ದರ ಬಿದ್ದಹೋಗತೈತಿ ಅಂದ್ನಿ. ಲಿಲಾವಿಗೆ ಇಟ್ಟು ಯಾರೂ ಕೂಗಲಿಲ್ಲಂದ್ರ ಅದಕ್ಕಿಂತ ಹದಗೆಟ್ಟ ಹಣೇಬರಾ ಇಲ್ಲ. ಸಂತ್ಯಾಗ ಸಂಜಿ ತನಕ ನಿಂತು ಮಾರಲಾರದ ಮನಿಗೆ ಬಂದ ಎತ್ತಿಗೆ ಮುಂದಿನ ವಾರ ಏನ ರೋಗೈತಿ ಅಂತ ಕೇಳ್ತಾರಲ್ಲ, ಹಂಗ.  ಆಕಿ ಸೆರಗಿನ ತುದಿ ಸುತ್ತಿಕೋಂತ ಒಂದ ಮಾತು ಕೇಳಿದ್ಳು.

"ಅವರು ಕೇಳಲಿಲ್ಲಂದ್ರ ನಾವಾಗಿ ಹೇಳಬೇಕೇನ್ರಿ, ಸರ್ರ?"

ಕೇಳಿದ್ರ ಖರೇ ಹೇಳೂಣು, ಕೇಳಲಿಲ್ಲಂದ್ರ ನಾ ಸುಮ್ನ ಇರತೀನಿ ಅಂದ್ನಿ. ಆಕಿ ಕೈ ಮುಗದ್ಳು. ಇದು ಮೋಸ ಏನು? ಹೌದು ಅನಸ್ತಿತ್ತು, ಅಲ್ಲ ಅನಸ್ತಿತ್ತು. ಪೆಟಗಿ ಬಿಚ್ಚಲಾರದ ಮಾರೂ ಮಂದಿಗೆ ಸೀರಿ ಯಾರ ಹಚ್ಚಿದ್ರ ಏನು ಅಂತ ಒಂದ ಮನಸ್ಸು. ಗುರುಗಳ ಹೆಸರಿಗೆ ಮಸಿ ಅಂತ ಇನ್ನೊಂದು. ಆ ವಾರ ಎಲ್ಲಾ ತೊರವಿಯಿಂದ ಮನಿತನಕ ನಡಕೋಂತ ಬಂದೀನಿ, ಬಸ್ಸಿನ್ಯಾಗ ಕುಂದ್ರಾಕ ಆಗಲಾರದ.

ಕಂಪನಿಯಿಂದ ಚಿತ್ರ ಪರೀಕ್ಷೆ ಮಾಡಾಕ ಬಂದಾಕಿ ಒಬ್ಬ ಹುಡುಗಿ, ಮೂವತ್ತರ ಒಳಗಿನಾಕಿ. ಊರು ಪುಣೆ, ಅಜ್ಜಿ ಸೊಲ್ಲಾಪುರದಾಕಿ, ಅದಕ್ಕ ಮರಾಠಿ ಕಲಸಿದ ಕನ್ನಡ ಚಂದ ಆಡ್ತಿದ್ಳು. ಆಕಿ ಕಾರಿನ್ಯಾಗ ತಿಕೋಟಾಕ್ಕ ಹೋದ್ವಿ. ದಾರ್‍ಯಾಗ ಎಲ್ಲಾ ಬಿಚ್ಚಿ ಹೇಳಿದ್ಳು. ಈಗ ಕೊಳ್ಳವರಿಗೆ ದೊಡ್ಡ ಹೆಸರು ಸಾಕಾಗೇತಿ, ಸಣ್ಣ ಊರಾಗ ಮರತಹೋದ ಕಲಾವಿದರನ್ನ ಹುಡುಕಾಕತ್ತಾರ, ಈ ಹಂಗಾಮು ಎರಡ ವರ್ಷ ಇರತೈತೋ ನಾಕ ವರ್ಷ ಇರತೈತೋ ಯಾರಿಗೂ ಗೊತ್ತಿಲ್ಲ ಅಂದ್ಳು. ಆ ಹಂಗಾಮಿನ್ಯಾಗ ನನ್ನ ಹೆಸರಿನ ಚೀಟಿ ಯಾವ ಬುಟ್ಟ್ಯಾಗೂ ಇರಲಿಲ್ಲ ಅನ್ನೂದು ನನಗ ತಿಳೀತಿತ್ತು.

ಪಡಸಾಲ್ಯಾಗ ಚಿತ್ರ ಇಳಿಸಿ ಬೆಳಕಿಗೆ ಹಿಡದ್ವಿ. ಹುಡುಗಿ ಹಿಂದಿನ ಸಹಿ ನೋಡಿದ್ಳು, ಭೂತಗನ್ನಡಿ ಹಿಡದು ಕೈಬೆರಳು ನೋಡಿದ್ಳು, ಇದು ಅವರದ ಅಂದ್ಳು. ನಮ್ಮ ಟೇಲರ್ ಹೆಣ್ಮಗಳು ಬಾಗಲದಾಗ ನಿಂತು ಉಸರ ಬಿಟ್ಟಿದ್ದು ನನಗ ಕೇಳಿಸ್ತು. ನನ್ನ ಕಿಸೆದಾಗ ಸ್ಟ್ಯಾಂಪ್ ಇತ್ತು. ಇನ್ನ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ರ ಮುಗೀತಿತ್ತು.

ಅಷ್ಟರಾಗ ಹುಡುಗಿ ಭೂತಗನ್ನಡಿ ಕೆಳಗಿಟ್ಟು ಎರಡು ಹೆಜ್ಜಿ ಹಿಂದ ಸರದು ನಿಂತ್ಳು. ಸೀರಿ ನೋಡಾಕ ಹತ್ತಿದ್ಳು. ಅವರ ಉಳಿದ ಚಿತ್ರದಾಗ ಇಂಥ ನೀಲಿ ಎಲ್ಲೂ ಇಲ್ಲ ಅಂದ್ಳು. ಅಲ್ಲೆಲ್ಲಾ ಮಣ್ಣಿನ ಬಣ್ಣ, ಒಣಾ ಬಣ್ಣ, ಇಲ್ಲಿ ನೋಡ್ರಿ, ಕಡೀ ಕಾಲಕ್ಕ ಮನಸ್ಸು ಬಿಚ್ಚ್ಯಾರ ಅಂದ್ಳು. ನಮ್ಮ ಲಿಲಾವಿನ ಪುಸ್ತಕದ ಮುಖಪುಟಕ್ಕ ಇದನ್ನ ಹಾಕಸ್ತೀನಿ, ಈ ಚಿತ್ರದ ಜೀವ ಇರೂದ ಈ ನೀಲಿಯೊಳಗ ಅಂದ್ಳು. ನಾ ಕಿಡಕಿ ತನಕ ಹೋದ್ನಿ, ತಿರುಗಿ ಬಂದ್ನಿ. ಕೈ ಎಲ್ಲಿ ಇಡಬೇಕು ತಿಳೀವಲ್ದು. ಐವತ್ತೇಳು ವರ್ಷದಾಗ ನನ್ನ ಬಣ್ಣ ನೋಡಿ ಹಿಂಗ ನಿಂತಾಕಿ ಇಕಿ ಒಬ್ಬಾಕಿನ, ಅದೂ ಇನ್ನೊಬ್ಬರ ಹೆಸರ ಹೇಳಿಕೋಂತ.

"ಅದು ನಂದ್ರಿ," ಅಂದ್ನಿ. "ಆ ನೀಲಿ ನಂದು."

ಆಮ್ಯಾಲ ನಿಲ್ಲಲಿಲ್ಲ. ಯಾವ ವರ್ಷ ಏನ ಹಚ್ಚಿದ್ನಿ, ಬೆಳಕು ಹೆಂಗ ತಂದ್ನಿ, ಎಲ್ಲಾ ಹೇಳಿದ್ನಿ, ಬೆರಳಿಟ್ಟು ತೋರಿಸಿದ್ನಿ. ಸಹಿ ನಂಬಿ ಅಲ್ಲೀತನಕ ಹೊರಗ ತಗೀಲಾರದ ಇಟ್ಟಿದ್ದ ಒಂದು ನೀಲಿ ದೀಪದ ಟಾರ್ಚ್ ಹುಡುಗಿ ಚೀಲದಾಗಿಂದ ತಗದು ಹಾಯಿಸಿದ್ಳು. ನನ್ನ ಕೈ ಬಿದ್ದಲ್ಲೆಲ್ಲಾ ಕಪ್ಪು ಕಲೆ ಕಲೆ ಕಂಡ್ತು, ಸೀರಿ ಪೂರಾ, ಅರ್ಧ ಮಾರಿ. ಆಕಿ ಬೈಯಲಿಲ್ಲ. ಇದನ್ನ ತಗೊಳ್ಳಾಕ ಬರೂದಿಲ್ಲ, ಕೆಳಗಿಂದು ಉಳದೈತೋ ಇಲ್ಲೋ ಗೊತ್ತಿಲ್ಲ, ನೀವು ಹೇಳಿದ್ದು ಛಲೋ ಆತು ಅಂದು ಸಾಮಾನು ಕಟ್ಟಾಕ ಹತ್ತಿದ್ಳು. ಆಗ ನಾ ಮಾಡಿದ್ದು ಹೇಳಾಕ ಇವತ್ತಿಗೂ ನನಗ ನಾಚಿಕಿ ಬರತೈತಿ. ಮೊಬೈಲ್ ತಗದು, ನನ್ನವೂ ನಾಕಾರು ಚಿತ್ರ ಅದಾವ, ನೋಡತೀರೇನ್ರಿ ಅಂದ್ನಿ. ಆಕಿ ಸುಮ್ನ ಎರಡು ಫೋಟೋ ಸರಿಸಿ ನೋಡಿ, ಚಂದ ಅದಾವ ಅಂದು, ಕಾರ ಹತ್ತಿದ್ಳು.

ಆಮ್ಯಾಲ ಕಂಪನಿಯಿಂದ ಒಂದು ಪತ್ರ ಬಂತು, ನಿಮ್ಮಂಥ ಪ್ರಾಮಾಣಿಕರು ಈ ವ್ಯವಹಾರದಾಗ ಅಪರೂಪ ಅಂತ. ಅದನ್ನ ಹೆಡ್‌ಮಾಸ್ತರ ಪ್ರಾರ್ಥನಾ ಟೈಮಿಗೆ ಓದಿಸಿ ನನಗ ಶಾಲು ಹೊದಿಸಿದ್ರು. ಲಕ್ಷಾಂತರ ರೂಪಾಯಿ ಮುಂದಿದ್ರೂ ಖರೇ ಬಿಡಲಿಲ್ಲ ನಮ್ಮ ಸರ್ ಅಂದ್ರು, ಹುಡುಗರು ಚಪ್ಪಾಳಿ ಹೊಡದ್ರು. ಮನಿಯಾಕಿ ಮಾತ್ರ ಶಾಲು ಮಡಚಿ ಟ್ರಂಕಿನ್ಯಾಗ ಇಟ್ಟು, ಬಾಯಿ ಬಿಟ್ರ ಬಣ್ಣಗೇಡು ಅಂದು ಒಳಗ ಹೋದ್ಳು. ನನಗ ಸಿಟ್ಟು ಬಂತು. ಖರೇ ಹೇಳಿದ್ದೂ ತಪ್ಪೇನು ಅಂತ ಜಗಳ ತಗದ್ನಿ.

ದೀಪಾವಳಿ ಆಗಿ ಮೂರನೇ ದಿನ ಬಬಲೇಶ್ವರಕ್ಕ ಹೋದ್ನಿ. ಅಂಗಡಿ ಮೊಬೈಲ್ ರಿಪೇರಿಯಾವನಿಗೆ ಹೋಗಿತ್ತು. ಆ ಹೆಣ್ಮಗಳು ಒಬ್ಬಾಕಿನ ಸಾಮಾನು ತಗ್ಯಾಕತ್ತಿದ್ಳು. ಸಂತಿ ದಿನ ಅದು, ನಾಕ ಜನ ಹೆಣ್ಮಕ್ಕಳು ಅರಬಿ ಗಂಟು ಹಿಡಕೊಂಡು ಬಂದು, ಇನ್ನ ಎಲ್ಲಿ ಬರೂಣವಾ ಅಂತ ಕೇಳಿ ಹೋದ್ರು. ತಿಕೋಟಾಕ್ಕ ಬರ್ರಿ ಅಂದ್ಳು. ಅಷ್ಟ ದೂರ ಒಂದ ಜಂಪರಿಗೆ ಯಾರು ಬರತಾರ? ಅದು ಆಕಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಕಿ ನನಗ ಕುಂದ್ರಾಕ ಸ್ಟೂಲ್ ಕೊಟ್ಳು, ನಾ ಕುಂದ್ರಲಿಲ್ಲ.

ದಾರಿ ತುಂಬ ಜೋಡಿಸಿಕೊಂಡ ಬಂದದ್ದನ್ನ ಹೇಳಿದ್ನಿ. ಸುಳ್ಳಿನ ಮ್ಯಾಲ ಕಟ್ಟಿದ ಅಂಗಡಿ ಎಷ್ಟ ದಿನ ನಿಂದ್ರತಿತ್ತು, ನಾಳೆ ಅವರ ಕಂಡಹಿಡದಿದ್ರ ನಿನ್ನ ಮ್ಯಾಲ ಬರತಿತ್ತವಾ, ನನ್ನ ಬಾಯಿಗೆ ಸುಳ್ಳು ಬರೂದಿಲ್ಲ ಅಂದ್ನಿ. ಆಕಿ ಕೇಳಿಕೋಂತ ದಾರದ ಉಂಡಿ ಡಬ್ಬಿಗೆ ಹಾಕಿದ್ಳು, ಕತ್ತರಿ ಅರಬ್ಯಾಗ ಸುತ್ತಿದ್ಳು. ಆಮ್ಯಾಲ ನನ್ನ ಕಡೆ ನೋಡಿದ್ಳು. ದನಿ ಏರಿಸಲಿಲ್ಲ.

"ಊರ ಮಂದಿ ನೀವು ಖರೇ ಹೇಳಿದ್ರಿ ಅಂತಾರ, ಸರ್ರ. ಅವರು ಅಲ್ಲಿ ಇರಲಿಲ್ಲ. ನಾ ಬಾಗಲದಾಗ ಇದ್ನಿ. ಆ ನೀಲಿ ನಂದು ಅನ್ನೂ ಮುಂದ ನಿಮ್ಮ ಮಾರಿ ಹೆಂಗ ಅರಳಿತ್ತು, ನಾ ನೋಡೀನಿ."

 ಆಕಿ ಮಷಿನ್ನಿನ ಒಂದ ಮಗ್ಗಲು ಹಿಡದು ಎತ್ತಾಕ ನೋಡಿದ್ಳು, ನಾ ಇನ್ನೊಂದ ಮಗ್ಗಲು ಹಿಡದ್ನಿ. ಇಬ್ಬರೂ ಕೂಡಿ ಹೊರಗ ನಿಂತ ಟಂಟಂ ಆಟೋದಾಗ ಇಟ್ವಿ. ಆಕಿ ಡ್ರೈವರನ ಮಗ್ಗಲ ಕುಂತು, ಸೆರಗು ಸರಿ ಮಾಡಿಕೊಂಡು, ಮುಂದ ನೋಡಿಕೋಂತನ ಅಂದ್ಳು.

"ಮುಂದಿನ ಬುದ್ಧ ಹುಣ್ಣಿಮಿಗೆ ಬರಬ್ಯಾಡ್ರಿ. ಅವ್ವ ಮಾಸಿದ್ರ ಮಾಸಲಿ."